ಹೊಟ್ಟಿನ ಮೂಟೆಯ ಕೋಣೆ

ಮಧುಗಿರಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಗಂಗಣ್ಣನಿಗೆ ಹಳ್ಳಿಯ ಹಾಡುಗಳನ್ನು ಕ್ಯಾಸೆಟ್ ಮಾಡುವ ಹುಚ್ಚು ಹತ್ತಿದ್ದು ಎಂಬತ್ಮೂರರಲ್ಲಿ. ಮನೆಯ ಹಿಂಬದಿಯ ಕಲ್ಲುಚಪ್ಪಡಿ ಕೋಣೆಯೇ ಸ್ಟುಡಿಯೊ. ಅಲ್ಲಿ ಹಾಡಿದ್ದೆಲ್ಲ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಹುಲಿಕುಂಟೆಯಿಂದ ಹಳೇ ಕಂಬಳಿ ತರಿಸಿ ಗೋಡೆಗೂ ಬಾಗಿಲಿಗೂ ಹೊಡೆದ. ಸಾಲದೆಂದು ಗೋಣಿಚೀಲಗಳಿಗೆ ಕಡಲೆಕಾಯಿ ಹೊಟ್ಟು ತುಂಬಿ ಸೂರಿನವರೆಗೂ ಪೇರಿಸಿದ. ಆಮೇಲೆ ಚಪ್ಪಾಳೆ ತಟ್ಟಿದರೆ ಸದ್ದು ಕೈಯಲ್ಲೇ ಸತ್ತುಹೋಯಿತು. ಖುಷಿಯೇನೋ ಆಯಿತು, ಆದರೆ ತನ್ನ ಎದೆಬಡಿತ ತನಗೇ ಕೇಳತೊಡಗಿದಾಗ ಗಂಗಣ್ಣ ಬೇಗ ಹೊರಗೆ ಬಂದ.

ಮೊದಲು ಹಾಡಲು ಬಂದವಳು ಬಡವನಹಳ್ಳಿಯ ಹೊನ್ನಕ್ಕ. ಅವಳೂ ಅವಳ ಅಕ್ಕ ಬೊಮ್ಮಕ್ಕನೂ ಸುತ್ತಲ ಮದುವೆಗಳಲ್ಲಿ ಜೋಡಿಯಾಗಿ ಸೋಬಾನೆ ಹೇಳುತ್ತಿದ್ದವರು. ಅಕ್ಕ ಸೊಲ್ಲೆತ್ತಿದರೆ ತಂಗಿ ಹಿಂದೆ ಹೇಳುತ್ತಿದ್ದಳು. ಬೊಮ್ಮಕ್ಕ ತೀರಿಕೊಂಡ ಮೇಲೆ ಹೊನ್ನಕ್ಕ ಹಾಡಲು ಬಾಯಿ ಬಿಟ್ಟಿರಲಿಲ್ಲ; ಗಂಗಣ್ಣನೇ ಕಾಡಿಬೇಡಿ ಕರೆತಂದಿದ್ದ.

ಅಂದು ಮಧ್ಯಾಹ್ನ ಹೆಣ್ಣೊಪ್ಪಿಸುವ ಹಾಡು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. “ಮುಂದ್ಕೆ ಬರಾಕಿಲ್ಲ ಕಣಪ್ಪ. ಅದೆಲ್ಲ ಅಕ್ಕಂಗೇ ಗೊತ್ತಿದ್ದುದ್ದು.”

ಗಂಗಣ್ಣ ಟೇಪು ಹಿಂದಕ್ಕೆ ಸುತ್ತಿ ಹಾಕಿದ. ಹೊನ್ನಕ್ಕನ ಒಂದೊಂದು ಸಾಲಿಗೂ ಮೊದಲು ಇನ್ನೊಂದು ಹೆಣ್ಣುದನಿ ಅದೇ ಸಾಲನ್ನು ಎತ್ತುತ್ತಿತ್ತು.

“ಹಳೇ ಟೇಪಿರ್ಬೇಕು,” ಎಂದು ಹೊಸದನ್ನು ಬಿಚ್ಚಿ, ಮತ್ತೆ ಹಾಡಿಸಿದ. ಮತ್ತೆ ಹಾಗೆಯೇ. ಪ್ರತಿಧ್ವನಿಯಾದರೆ ಹಿಂದೆ ಬರಬೇಕು. ಇದು ಮುಂದೆ ಬರುತ್ತಿತ್ತು.

ಗಂಗಣ್ಣ ಟೇಪು ನಿಲ್ಲಿಸಿ ಎದ್ದ. “ಎದ್ದೋಗಾನ ನಡಿ ಅಕ್ಕ.”

ಹೊನ್ನಕ್ಕ ಅಲ್ಲಾಡಲಿಲ್ಲ. “ನಮ್ಮಕ್ಕ ಕಣಪ್ಪ ಅದು. ನಾನು ಸುಮ್ಕಿರ್ತೀನಿ, ನೀನು ಟೇಪು ಓಡ್ಸು. ಅವ್ಳೇ ಹೇಳ್ಲಿ ಬುಡು.”

ಅವಳು ತುಟಿ ಬಿಗಿದು ಕೂತಳು. ಟೇಪು ತಿರುಗಿತು. ಗಂಗಣ್ಣನ ಕಿವಿಗೆ ಏನೂ ಬೀಳಲಿಲ್ಲ. ಆದರೆ ಮರಳಿ ಹಾಕಿದಾಗ ಹಾಡು ಕೊನೆಯವರೆಗೂ ಇತ್ತು. ಹಾಡಿದವಳು ಸಾಲುಸಾಲಿಗೂ ತಡೆದು, ಹಿಂದೆ ಹೇಳುವವಳಿಗಾಗಿ ಕಾದಿದ್ದಳು. ಆ ಬಿಡುವುಗಳಲ್ಲಿ ಹೊನ್ನಕ್ಕ ಈಗ ಅಳುತ್ತಳುತ್ತಲೇ ದನಿಗೂಡಿಸಿದಳು.

ಮುಂದಿನ ವಾರ ಬಂದು ಹಾಡನ್ನು ತಾನೊಬ್ಬಳೇ ಪೂರ್ತಿ ಹೇಳಿದಳು. ಈ ಸಲ ಟೇಪಿನಲ್ಲಿ ಅವಳದೊಂದೇ ದನಿ.

“ಹೇಳ್ಕೊಟ್ಬುಟ್ಟು ಹೊಂಟೋದ್ಲು,” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ಕ್ಯಾಸೆಟ್ ಮದುವೆಮನೆಗಳಲ್ಲಿ ಚೆನ್ನಾಗಿ ಓಡಿತು. ಗಂಗಣ್ಣ ಮಾತ್ರ ಆ ಕೋಣೆಯಲ್ಲಿ ಒಬ್ಬನೇ ಕೂತು ಟೇಪು ಓಡಿಸಲಿಲ್ಲ. ಅವನ ಮನೆಯಲ್ಲೂ ತೀರಿಕೊಂಡವರಿದ್ದರು. ಅವರು ಏನು ಹೇಳಿಯಾರೋ ಎಂಬ ಅಂಜಿಕೆ ಅವನನ್ನು ಬಿಡಲೇ ಇಲ್ಲ.