ಮುನ್ನೂರು ಪಟ್ಟು ಶನಿ

ಬೊದಿಲ್ ಗಂಡನಿಗೆ ಹೇಳಿದ ಸುಳ್ಳು ಒಂದೇ. ಆದರೆ ಅದನ್ನು ವರ್ಷಗಟ್ಟಲೆ ಹೇಳಿದ್ದಳು. ಸಂಜೆ ಹೊಲ್ಗರ್ ಹಿತ್ತಲಲ್ಲಿ ಟೆಲಿಸ್ಕೋಪು ನಿಲ್ಲಿಸಿ, "ಬಾ ಬಾ, ಶನಿಯ ಉಂಗುರ ನೋಡು" ಎಂದು ಕರೆಯುತ್ತಿದ್ದ. ಇವಳು ಕೈಯ ಹಿಟ್ಟು ಒರೆಸಿಕೊಂಡು ಬಂದು ಬಗ್ಗಿದರೆ ಕಾಣುತ್ತಿದ್ದುದು ಅಲುಗಾಡುವ ಮಸಕು ಹಳದಿ ಮುದ್ದೆ, ಅದೂ ಕ್ಷಣದಲ್ಲಿ ಜಾರಿ ಮಾಯ. "ಅಬ್ಬಾ, ಉಂಗುರ ಎಷ್ಟು ಚೆಂದ!" ಎನ್ನುತ್ತಿದ್ದಳು. ಅವನ ಮುಖ ಅರಳುತ್ತಿತ್ತು. ತನ್ನ ಗಂಟೇನು ಹೋಗುತ್ತದೆ ಎಂದುಕೊಂಡಿದ್ದಳು.

ಹೊಲ್ಗರ್ ಒಳ್ಳೆಯವನು. ಕತ್ತಲಾದರೆ ಕಾರಿನ ಕೀಲಿಯನ್ನು ಅವಳ ಕೈಗಿತ್ತು, "ನೀನೇ ಚೆನ್ನಾಗಿ ಓಡಿಸ್ತೀಯ" ಎನ್ನುವನು. ಅವಳು ಉಬ್ಬಿಹೋಗುವಳು. ಅವನಿಗಿದ್ದುದು ಒಂದೇ ಹುಚ್ಚು: ಪ್ರತಿ ಚಳಿಗಾಲಕ್ಕೂ ಇನ್ನಷ್ಟು ದೊಡ್ಡದಾಗಿ ತೋರಿಸುವ ಮಸೂರ ಬೇಕು. ಈ ಸಲ ಬಂದದ್ದು ಮುನ್ನೂರು ಪಟ್ಟಿನದು. ಟೆಲಿಸ್ಕೋಪಿನ ಜೊತೆಗೇ ಬಂದಿದ್ದ ಹಳೆಯ ಚಿಕ್ಕ ಪಟ್ಟಿನ ಮಸೂರ ಡಬ್ಬಿಯಲ್ಲಿ ಧೂಳು ತಿನ್ನುತ್ತಿತ್ತು.

ಮೊನ್ನೆ ಅವನು ಫೋನಿಗೆಂದು ಒಳಗೆ ಹೋದಾಗ ಬೊದಿಲ್ ಸುಮ್ಮನೆ ಆ ಹಳೆಯದನ್ನು ಸಿಕ್ಕಿಸಿ ನೋಡಿದಳು. ಸಾಸಿವೆಯಷ್ಟು ಶನಿ, ಸುತ್ತ ಕೂದಲೆಳೆಯಷ್ಟು ಉಂಗುರ, ಅಲುಗದೆ ನಿಂತಿತ್ತು. ಅವಳಿಗೆ ಅಳುವೇ ಬಂತು. ಇಷ್ಟು ವರ್ಷ ತಾನು ಹೊಗಳಿದ್ದು ಇದನ್ನು ನೋಡದೆಯೇ!

ಇವತ್ತು ಅವಳ ತಮ್ಮ ಪ್ರೆಬೆನ್ ಹೆಂಡತಿ ಸಮೇತ ಓಡೆನ್ಸ ಊರಿನಿಂದ ಬಸ್ಸಿನಲ್ಲಿ ಬರುವವನಿದ್ದ. ರಾತ್ರಿ ಅವರನ್ನು ಕಾರಿನಲ್ಲಿ ಬಿಟ್ಟುಬರಬೇಕು. ಪ್ರೆಬೆನ್ ಒಬ್ಬರನ್ನು ಹಾಸ್ಯಕ್ಕೆ ಹಿಡಿದನೆಂದರೆ ಹತ್ತು ಕ್ರಿಸ್‌ಮಸ್ ಕಳೆದರೂ ಬಿಡುವ ಆಸಾಮಿಯಲ್ಲ. ಹೊಲ್ಗರ್ ಅವನೆದುರು ಉಂಗುರದ ಬಗ್ಗೆ ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಬೊದಿಲ್ ಬಾಯಿ ಬಿಟ್ಟರೆ ತನ್ನ ಸುಳ್ಳು ಬಯಲು, ಬಿಡದಿದ್ದರೆ ಗಂಡನ ಮಾನ ಹರಾಜು.

ಐದು ಗಂಟೆಗೆಲ್ಲ ಕತ್ತಲು; ಕಾರಿನ ಕೀಲಿ ಆಗಲೇ ಬೊದಿಲ್ ಜೇಬು ಸೇರಿತ್ತು. ಪಡ್ಡಿನಂಥ ಸಿಹಿ ಏಬಲ್‌ಸ್ಕೀವ ಹುಯ್ಯಲು ಗುಳಿಹಂಚು ಕಾಯಿಸುತ್ತಿದ್ದವಳು ಒಲೆ ಆರಿಸಿ ಹಿತ್ತಲಿಗೆ ಬಂದಳು.

"ಹೊಲ್ಗರ್, ಆ ಹಳೇದನ್ನ ಹಾಕು."

"ಪ್ರೆಬೆನ್‌ಗೆ ಸಾಸಿವೆಕಾಳು ತೋರಿಸ್ಲಾ? ಇದು ಮುನ್ನೂರು ಪಟ್ಟು ಕಣೇ!"

"ಅದ್ರಲ್ಲಿ ಏನೂ ಕಾಣಲ್ಲ ಮಾರಾಯ. ಒಲೆ ಮೇಲಿನ ಹವೆ ಥರ ಆಕಾಶದ ಗಾಳೀನೂ ನಡುಗುತ್ತೆ. ಆ ನಡುಕಾನೂ ನೀನು ಮುನ್ನೂರು ಪಟ್ಟು ಮಾಡ್ತೀಯ. ನಾನು ಉಂಗುರ ಯಾವತ್ತೂ ನೋಡಿರ್ಲಿಲ್ಲ. ಸುಳ್ಳು ಹೇಳ್ತಿದ್ದೆ."

ಹೊಲ್ಗರ್ ಮಗುಚಿಟ್ಟ ಬಕೆಟ್ಟಿನ ಮೇಲೆ ಕುಸಿದು ಕೂತ. ಇನ್ನು ಬೈಗುಳ ಶುರು ಎಂದು ಅವಳು ತಲೆ ತಗ್ಗಿಸಿದಳು.

"ನಿಂಗೂ ಕಾಣ್ತಿರ್ಲಿಲ್ವಾ?" ಎಂದ.

"ನಿಂಗೂ ಅಂದ್ರೆ?"

"ನೀನು ಅಷ್ಟು ಚೆಂದ ಅಂತಿದ್ದೆ. ನಂಗೆ ಬರೀ ಮಸಕು. ನನ್ನ ಕಣ್ಣೇ ಹೋಗ್ತಿದೆ ಅಂದ್ಕೊಂಡೆ. ಇನ್ನೂ ದೊಡ್ಡದು ಮಾಡಿದ್ರೆ ಕಾಣುತ್ತೇನೋ ಅಂತ ಒಂದಾದ್ಮೇಲೊಂದು ತರಿಸ್ದೆ. ಡಾಕ್ಟರು ಹೌದು ಅಂದುಬಿಟ್ರೆ ಅನ್ನೋ ಭಯಕ್ಕೆ ಅಲ್ಲಿಗೂ ಹೋಗ್ಲಿಲ್ಲ."

ಬೊದಿಲ್‌ಗೆ ಕತ್ತಲಲ್ಲಿ ತನ್ನ ಕೈಗೆ ಬರುತ್ತಿದ್ದ ಕೀಲಿ ನೆನಪಾಯಿತು. ಅದು ಹೊಗಳಿಕೆಯಾಗಿರಲಿಲ್ಲ. ಪಾಪ, ಇಷ್ಟು ವರ್ಷ ಒಬ್ಬನೇ ಹೆದರಿಕೊಂಡಿದ್ದನಲ್ಲ, ಅದೂ ತನ್ನ ಒಂದು ಒಳ್ಳೆಯ ಮಾತಿನಿಂದ!

ಹಳೆಯ ಮಸೂರ ಸಿಕ್ಕಿಸಿ, "ನೋಡು" ಎಂದಳು.

ಅವನು ಬಗ್ಗಿದ. ನೋಡುತ್ತಿದ್ದಂತೆ ಭುಜ ಅಲುಗತೊಡಗಿತು.

"ಕಾಣ್ತಿದೆ. ಬೊದಿಲ್, ನನ್ನ ಕಣ್ಣು ನೆಟ್ಟಗಿದೆ."

ಗೇಟಿನಿಂದ ಪ್ರೆಬೆನ್ ಕೂಗಿದ: "ಅಕ್ಕಾ! ಭಾವನ ಉಂಗುರ ಆಕಾಶದಲ್ಲಿದೆಯೋ, ಅಡ ಇಟ್ಟಿದ್ದಾರೋ?"

ಹೊಲ್ಗರ್ ಕಣ್ಣು ಕದಲಿಸಲಿಲ್ಲ. ಕೈಯೊಂದನ್ನು ಹಿಂದಕ್ಕೆ ಚಾಚಿದ. ಬೊದಿಲ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕೈ ಅಲ್ಲ ಕಣೇ, ಕಾರಿನ ಕೀಲಿ ಕೊಡು," ಎಂದ ಮೂಗೊರೆಸಿಕೊಳ್ಳುತ್ತ. "ರಾತ್ರಿ ಅವರನ್ನ ಬಿಟ್ಟುಬರೋದು ನಾನೇ."