ಚೇಳೂರಿನ ಬೂತ್ ಏಜೆಂಟು

ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ಘೋಷಣೆಯಾದಾಗ ಹೊಂಬಾಳಮ್ಮನ ಪಕ್ಷದಲ್ಲಿ ಗೆಲುವಿನ ಮಾತನ್ನು ಯಾರೂ ಆಡಲಿಲ್ಲ. ಹೋದ ಸಲ ಮೂರನೇ ಸ್ಥಾನಕ್ಕೆ ಇಳಿದಿದ್ದ ಪಕ್ಷ ಅದು. ಈ ಸಲ ಎರಡನೆಯದಾದರೆ ವಿಧಾನಸಭೆ ಚುನಾವಣೆಗೆ ಮೈತ್ರಿ ಮಾತಾಡುವಾಗ ಎದೆಯೆತ್ತಿ ನಾಲ್ಕು ಸೀಟು ಕೇಳಬಹುದು. ಮತ್ತೆ ಮೂರನೆಯದಾದರೆ ಉಳಿದ ಮುಖಂಡರೂ ಗಂಟುಮೂಟೆ ಕಟ್ಟುತ್ತಾರೆ. ಹಾಗಾಗಿ ವೋಟು ಬರುವ ಕಡೆಗಷ್ಟೇ ಜನ, ಜೀಪು, ಏಜೆಂಟು ಎಂದು ತೀರ್ಮಾನವಾಯಿತು. ವಾಟ್ಸಾಪಿಗೆ ಬಂದ ಪಟ್ಟಿಯಲ್ಲಿ ಚೇಳೂರಿನ ಅವಳ ಬೂತಿನ ಮುಂದೆ ಯಾರ ಹೆಸರೂ ಇರಲಿಲ್ಲ.

ಹೊಂಬಾಳಮ್ಮ ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು. ನಿವೃತ್ತಿಯಾದ ಮೇಲೆ, ಗಂಡ ಬದುಕಿದ್ದಾಗ ದುಡಿದ ಪಕ್ಷಕ್ಕೇ ಸೇರಿದ್ದಳು. ಬೆಳಗಿನ ಬಸ್ಸಿಗೆ ಗುಬ್ಬಿಗೆ, ಅಲ್ಲಿಂದ ತುಮಕೂರಿಗೆ ಹೋಗಿ, ಸದಾಶಿವನಗರದ ಚುನಾವಣಾ ಕಚೇರಿಯಲ್ಲಿ ಉಸ್ತುವಾರಿ ಭಾನುಪ್ರಕಾಶನ ಎದುರು ಕುಳಿತಳು.

"ಹೊಂಬಾಳಮ್ಮೋರೆ, ಹೋದ್ಸಲ ನಿಮ್ ಬೂತಲ್ಲಿ ಬಂದಿದ್ದು ನಲವತ್ತಾರು ವೋಟು. ಅಲ್ಲಿ ಏಜೆಂಟ್ ಕೂತು ಏನ್ ಮಾಡ್ಬೇಕು?"

"ಆ ನಲವತ್ತಾರು ಜನ ಒಳಗ್ ಬಂದಾಗ ನಮ್ಮೋರು ಒಬ್ರು ಕೂತವ್ರೆ ಅಂತ ಕಾಣ್ಬೇಡ್ವಾ ಸಾರ್? ಬೂತಲ್ಲೇ ಇಲ್ದಿರೋ ಪಕ್ಷ ಊರಲ್ಲಿ ಎಲ್ಲಿರ್ತದೆ?"

ನೋಡೋಣ ಎಂದು ಅವನು ಎದ್ದುಹೋದ. ಅವಳು ಏಳಲಿಲ್ಲ. ಅವನು ಊಟ ಮುಗಿಸಿ ಬಂದಾಗಲೂ ಅದೇ ಕುರ್ಚಿಯಲ್ಲಿದ್ದಳು. ಮೂರು ಗಂಟೆಗೆ ಅಭ್ಯರ್ಥಿಯ ಸಹಿಯಿದ್ದ ಏಜೆಂಟ್ ಫಾರಂ ಕೈಗೆ ಬಂತು.

ಮುಂದಿನ ಎರಡು ವಾರ ಅವಳು ಊರಿನ ಒಂದು ಮನೆಯನ್ನೂ ಬಿಡಲಿಲ್ಲ. ತವರು ಕೊತ್ತಗೆರೆಯಿಂದ ತಮ್ಮ ನರಸಯ್ಯನ ಮಗ ಅಂಜನ್‌ಕುಮಾರ್ ಬೈಕಿನಲ್ಲಿ ಬಂದು ಜೊತೆಗೆ ಓಡಾಡಿದ. ಕೊತ್ತಗೆರೆ ಇರುವ ಕುಣಿಗಲ್ ತಾಲ್ಲೂಕು ಬೇರೆ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದರಿಂದ ಅವನಿಗೆ ಇಲ್ಲಿ ವೋಟಿರಲಿಲ್ಲ. ಬಹಿರಂಗ ಪ್ರಚಾರ ಮುಗಿದ ಸಂಜೆ, "ಹೊರಗಿನೋರು ಇರಂಗಿಲ್ಲ, ಹೊರಡಪ್ಪ" ಎಂದು ಅವಳೇ ಕಳಿಸಿಕೊಟ್ಟಳು.

ಮತದಾನದ ದಿನ ಮಧ್ಯಾಹ್ನ, ಶಾಲೆಯ ಕೋಣೆಯಲ್ಲಿ ಎದುರು ಪಕ್ಷದ ಏಜೆಂಟ್ ಗಂಗಣ್ಣನ ಪಕ್ಕ ಕುಳಿತಿದ್ದಾಗ, ಮಾಸ್ಕ್ ಹಾಕಿದ ಗಂಡಸೊಬ್ಬ ಒಳಗೆ ಬಂದ. ಕೈಯಲ್ಲಿ ವೋಟರ್ ಚೀಟಿ, ಫೋಟೊ ಮಸುಕಾದ ಆಧಾರ್ ಕಾರ್ಡು. ಅಧಿಕಾರಿ ಹೆಸರು ಕೂಗಿದರು. ಮಂಗಳೂರಿನಲ್ಲಿ ದುಡಿಯುತ್ತಿದ್ದ ಅಣ್ಣಯ್ಯಪ್ಪನ ಮಗನ ಹೆಸರು. ಗಂಗಣ್ಣ ಪಟ್ಟಿಯಲ್ಲಿ ಗೀಟು ಎಳೆದ. ಆದರೆ ಆ ನಡಿಗೆ, ಆ ಭುಜ ಹೊಂಬಾಳಮ್ಮನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅಂಜನ್‌ಕುಮಾರ್. ಮಾಸ್ಕಿನ ಮೇಲಿನ ಕಣ್ಣು ಅವಳನ್ನೇ ನೋಡಿ ನಕ್ಕಂತಿತ್ತು.

ಸುಮ್ಮನಿದ್ದರೆ ಒಂದು ವೋಟು ಹೆಚ್ಚುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನೇನು ಬೆರಳಿಗೆ ಶಾಯಿ ಹಚ್ಚಬೇಕು, ಆಗ ಎದ್ದು ನಿಂತಳು.

"ಸಾರ್, ತಡೀರಿ. ಇವನು ಅಣ್ಣಯ್ಯಪ್ಪನ ಮಗ ಅಲ್ಲ."

"ನಿಮಗೆ ಹೇಗ್ ಗೊತ್ತಮ್ಮ?"

"ಅಣ್ಣಯ್ಯಪ್ಪನ ಮಗನ್ನ ಅಂಗನವಾಡಿ ತಕ್ಕಡೀಲಿ ತೂಗಿ ಬೆಳೆಸ್ದೋಳು ನಾನು. ಇವನು ನನ್ ತಮ್ಮನ ಮಗ."

"ಅತ್ತೇ, ನಿನಗೋಸ್ಕರಾನೇ ಬಂದಿದ್ದು" ಎಂದ ಅಂಜನ್. ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಅವಳು ಹೇಳಿಕೆಗೆ ಸಹಿ ಹಾಕಿ ಮತ್ತೆ ಕುರ್ಚಿಯಲ್ಲಿ ಕುಳಿತಳು. ಗಂಗಣ್ಣ ತನ್ನ ನೀರಿನ ಬಾಟಲಿ ಅವಳ ಕಡೆಗೆ ಸರಿಸಿದ.

ಪಕ್ಷ ಸೋತಿತು, ಆದರೆ ಎರಡನೇ ಸ್ಥಾನಕ್ಕೆ ಬಂತು. ಚೇಳೂರಿನ ಆ ಬೂತಿನಲ್ಲಿ ನೂರ ಹದಿನೆಂಟು ವೋಟು ಸಿಕ್ಕಿತ್ತು. ಆದರೂ ಗುಬ್ಬಿಯಲ್ಲಿ ಅವಲೋಕನ ಸಭೆ ಸೇರಿದಾಗ ಭಾನುಪ್ರಕಾಶನ ಮುಖ ಗಂಟಾಗಿತ್ತು. "ನಮ್ಮ ಹುಡುಗನ್ನ ನೀವೇ ಹಿಡ್ಕೊಟ್ರಿ. ಟಿವೀಲೆಲ್ಲ ಬಂತು. ಪಕ್ಷದ ಮಾನ ಏನಾಗ್ಬೇಕು?"

"ಕಳ್ಳವೋಟಿಂದ ಎರಡನೆಯವರಾದ್ರು ಅನ್ನಿಸ್ಕೊಂಡಿದ್ರೆ ಯಾವ ಮುಖ ಇಟ್ಕೊಂಡು ಸೀಟು ಕೇಳ್ತಿದ್ರಿ ಸಾರ್?" ಎಂದಳು ಹೊಂಬಾಳಮ್ಮ. "ಪಂಚಾಯ್ತಿ ಎಲೆಕ್ಷನ್ನಿಗೆ ನಮ್ ಬೂತಿನ ಕೆಲಸ ನಾನೇ ನೋಡ್ತೀನಿ. ಬೇಡ ಅನ್ನೋದಾದ್ರೆ ಈಗ್ಲೇ ಅಂದ್ಬುಡಿ." ಯಾರೂ ಬೇಡ ಅನ್ನಲಿಲ್ಲ.

ಮಾರನೇ ದಿನ ಕೊತ್ತಗೆರೆಗೆ ಹೋದಳು. ಜಗಲಿಯ ಮೇಲಿದ್ದ ನರಸಯ್ಯ ಮುಖ ತಿರುಗಿಸಿದ. "ಯಾಕ್ ಬಂದೆ ಅಕ್ಕ? ಇನ್ನೂ ಏನ್ ಬಾಕಿ ಅದೆ?"

"ಸೋಮವಾರ ಅವನ ಕೇಸಲ್ವಾ? ವಕೀಲರನ್ನ ಗೊತ್ತು ಮಾಡೀನಿ, ಜೊತೇಲಿ ನಾನೂ ನಿಂತ್ಕೋತೀನಿ. ಆದ್ರೆ ಕೇಳಿದ್ರೆ ಸುಳ್ಳು ಹೇಳಲ್ಲ ಕಣಪ್ಪ."

ಜಾಮೀನಿನ ಮೇಲೆ ಮನೆಗೆ ಬಂದಿದ್ದ ಅಂಜನ್ ಬಾಗಿಲಿಗೆ ಬಂದು ನಿಂತ. "ಸುಳ್ಳು ಬೇಡ ಅತ್ತೆ. ಮಾಡಿದ್ದು ನಾನೇ ಅಂತ ಒಪ್ಕೊಂಡ್ ಬುಡ್ತೀನಿ."

ನರಸಯ್ಯ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಒಳಕ್ಕೆ ಕೂಗಿದ: "ಅಕ್ಕ ಬಂದವ್ಳೆ, ಕಾಫಿ ಇಡೇ."