ಮಂಗಳವಾರ ಬರುವುದಿಲ್ಲ

ಅವಳು ಮೂರನೆಯ ಗುಂಡಿ ಹಾಕುತ್ತಿದ್ದಳು. ಇಸ್ತ್ರಿ ಮಾಡಿದ ಅಂಗಿಯೊಳಗೆ ಗಂಡನ ಎದೆ ತಣ್ಣಗಿತ್ತು. ಬೆನ್ನ ಹಿಂದೆ, ಬಾಗಿಲ ಬಳಿ, ಗಂಡನ ಅಣ್ಣ ಯಾರಿಗೋ ಹೇಳುತ್ತಿದ್ದರು, ಅವಳಿಗೂ ಕೇಳಲಿ ಎನ್ನುವ ದನಿಯಲ್ಲಿ: "ಮೂವತ್ನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡ್ದೋನು, ಒಂದಿನ ತಲೆನೋವು ಅಂದೋನಲ್ಲ. ಆ ಮಾತಿನ ಡಾಕ್ಟರ ಹತ್ರ ಹೋಗಿ ಇದ್ದಬದ್ದದ್ದೆಲ್ಲ ಕೆದಕಿಸ್ಕೊಂಡ. ಎದೆ ತಡೀಲಿಲ್ಲ."

ಅದು ನಿಜವಿದ್ದರೆ? ಅಲ್ಲಿಗೆ ಕರೆದುಕೊಂಡು ಹೋದವಳು ಅವಳೇ.

*

ನಿವೃತ್ತರಾದ ಮೇಲೆ ಅವಳ ಗಂಡನಿಗೆ ಮುಚ್ಚಿದ ಬಾಗಿಲ ಹಿಂದೆ ಕೂರಲು ಆಗದಾಯಿತು. ಬಚ್ಚಲಿನ ಚಿಲಕವನ್ನೂ ಹಾಕುತ್ತಿರಲಿಲ್ಲ. ಡಾಕ್ಟರು ಬರೆದುಕೊಟ್ಟ ಮಾನಸಿಕ ಸಮಾಲೋಚಕಿಯ ವಿಳಾಸ ಹಿಡಿದು ಇಬ್ಬರೂ ಹೋದರು. ಆ ಕೋಣೆಯಲ್ಲಿ ಒಂದೇ ಎತ್ತರದ ಎರಡು ಕುರ್ಚಿ, ಒಂದು ಗೋಡೆ ಗಡಿಯಾರ. ಅವಳಿಗೆಂದು ಇನ್ನೊಂದು ಕುರ್ಚಿ ತಂದು ಹಾಕಿದರು. ಗಂಡನ ಕುತ್ತಿಗೆಯಿಂದ ಬೆವರಿಳಿಯುತ್ತಿತ್ತು. ನಾನೇನು ಹೇಳಬೇಕು ಎಂದು ಕೇಳಿದರು, ಪರೀಕ್ಷೆಗೆ ಕೂತವರ ಹಾಗೆ.

"ಏನೂ ತಯಾರಿ ಬೇಡ," ಎಂದರು ಸಮಾಲೋಚಕಿ. "ಸಲಹೆ ಕೊಡೋಕೆ ನಾನು ಕೂತಿಲ್ಲ. ಹೊರಗೆ ಜನರ ಜೊತೆ ಏನಾಗುತ್ತೋ ಅದು ನಮ್ಮಿಬ್ಬರ ಮಧ್ಯೆನೂ ಆಗುತ್ತೆ. ಆದಾಗ ನೋಡೋಣ. ನನ್ನ ಕಂಡ್ರೆ ಭಯ ಆಯ್ತಾ, ಅದನ್ನೂ ನಂಗೇ ಹೇಳಿ."

ಆಮೇಲೆ ಪ್ರತಿ ಮಂಗಳವಾರ ಒಬ್ಬರೇ ಹೋದರು. ಒಮ್ಮೆ ಆಕೆ ಹತ್ತು ನಿಮಿಷ ತಡವಾಗಿ ಬಂದರಂತೆ. ಪರವಾಗಿಲ್ಲ ಎಂದು ಇವರು ನಕ್ಕರಂತೆ. ಮುಂದಿನ ವಾರ ಆಕೆ ಬಿಡದೆ ಕೇಳಿದಾಗ, ಕಾಯುತ್ತ ಕೂತು ಸಿಟ್ಟು ಬಂದಿತ್ತು ಎಂದು ಹೇಳಿಯೇಬಿಟ್ಟರಂತೆ. ಆ ಸಂಜೆ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲಿ ನಿಂತು, "ಹೊರಗೆ ಹಾಕ್ಲಿಲ್ಲ ಕಣೇ," ಎಂದರು. "ಹೇಳಿದ್ದು ಒಳ್ಳೇದಾಯ್ತು ಅಂದ್ರು."

ಅವಳಿಗೆ ಒಳಗೊಳಗೇ ಹೆದರಿಕೆಯಾಯಿತು. ಈ ಅಭ್ಯಾಸ ಮನೆಗೂ ಬಂದರೆ? ಬಂತು. ಹೋದ ವಾರ ಊಟದ ಮಧ್ಯೆ ಅವರು ತಟ್ಟೆ ನೋಡುತ್ತಲೇ ಹೇಳಿದರು: "ನೀನು ಮಾತು ಬಿಟ್ಟಾಗ ನಂಗೆ ಭಯ ಆಗುತ್ತೆ. ಮದುವೆಯಾದಾಗಿನಿಂದ್ಲೂ."

ಅವಳು ಎದ್ದು ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಅವರು ಸ್ವಲ್ಪ ಹೊತ್ತು ಕಾದು, ಕೈ ತೊಳೆದು ಮಲಗಿದರು. ಐದು ದಿನ ಇಬ್ಬರೂ ಆ ಮಾತೆತ್ತಲಿಲ್ಲ. ಆರನೆಯ ಬೆಳಿಗ್ಗೆ ಅವರು ಏಳಲಿಲ್ಲ.

*

ಅವರು ಈ ಮಂಗಳವಾರ ಬರುವುದಿಲ್ಲ ಎಂದು ಬೆಳಿಗ್ಗೆ ಸಮಾಲೋಚಕಿಗೆ ಫೋನ್ ಮಾಡಿದವಳೂ ಅವಳೇ. ಆಕೆ ಬರುವಷ್ಟರಲ್ಲಿ ಬಾಗಿಲಿಗೆ ವ್ಯಾನ್ ಬಂದು ನಿಂತಿತ್ತು. ಭಾವ ಮುಖ ತಿರುಗಿಸಿದರು. ಅವಳು ಆಕೆಯ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನಾನು ಉತ್ತರ ಕೊಡ್ಲಿಲ್ಲ ಅಂತ ನಿಮ್ಮ ಹತ್ರ ಹೇಳಿದ್ರಾ?"

"ಅವರು ಅಲ್ಲಿ ಆಡಿದ್ದು ಅವರದ್ದಮ್ಮ. ನಾನು ಹೇಳೋ ಹಾಗಿಲ್ಲ." ಆಕೆಯ ಕಣ್ಣೂ ಕೆಂಪಾಗಿತ್ತು. ಆಕೆಯೇ ಕೇಳಿದರು: "ನನ್ನ ಮೇಲೆ ಸಿಟ್ಟಿದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದಳು.

"ಇದೆ," ಎಂದಳು. "ಮನಸ್ಸಲ್ಲಿದ್ದದ್ದನ್ನ ನನಗಿಂತ ಮೊದ್ಲು ನಿಮಗೆ ಹೇಳಿದ್ರಲ್ಲ. ಭಯಾನೂ ಇದೆ. ನಾನೇ ಕೊಂದೆನಾ ಅಂತ."

ಆಕೆ ಹಿಡಿದ ಕೈ ಬಿಡಲಿಲ್ಲ. ನಲ್ಲಿಯ ಪಕ್ಕದಲ್ಲಿ ಇಬ್ಬರೂ ಹಾಗೇ ನಿಂತರು.

ತಡವಾಯಿತು, ಎತ್ತಿ ಎಂದು ಭಾವ ಹೇಳಿದ್ದು ಕೇಳಿಸಿತು. ಈ ಮನೆಗೆ ಬಂದಾಗಿನಿಂದ ಅವಳು ಅವರಿಗೆ ಎದುರು ಮಾತಾಡಿದವಳಲ್ಲ. ಹೊರಗೆ ಬಂದಾಗ ನಾಲ್ವರು ಆಗಲೇ ಸ್ಟ್ರೆಚರ್ ಎತ್ತಿದ್ದರು.

"ಇಳಿಸಿ ಭಾವ," ಎಂದಳು. "ನಾನು ಇವರ ಹತ್ರ ಮಾತಾಡೋದಿದೆ."

ಯಾರೂ ಮಿಸುಕಲಿಲ್ಲ. ಅವಳು ಜಾಗ ಬಿಡಲಿಲ್ಲ. ಕೊನೆಗೆ ನಾಲ್ವರೂ ಮಂಡಿಯೂರಿ ಸ್ಟ್ರೆಚರನ್ನು ಮೆಲ್ಲಗೆ ನೆಲಕ್ಕಿಳಿಸಿ, ಒಬ್ಬೊಬ್ಬರಾಗಿ ಹೊರಗೆ ಸರಿದರು. ಅವಳು ಪಕ್ಕದಲ್ಲಿ ಕೂತು ಅವರ ಕಿವಿಯ ಹತ್ತಿರ ಬಾಗಿದಳು. ಬೀದಿಯಲ್ಲಿ ವ್ಯಾನಿನ ಎಂಜಿನ್ ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಚಾಲಕ ಅದನ್ನೂ ಆರಿಸಿದ.